ಬಾಕ್ಸ್ ಐಟಂ ಆಗಿಹೋದ ರೂಪಾಯಿ

ಎಂಎ ಎರಡನೇ ವರ್ಷದ ಪರೀಕ್ಷೆ. ಅಂತರರಾಷ್ಟ್ರೀಯ ಅರ್ಥಶಾಸ್ತ್ರದ ಪೇಪರಿನಲ್ಲಿ ಹತ್ತು ಅಂಕದ ಒಂದು ಪ್ರಶ್ನೆ ಬಂದಿತ್ತು. ಕರೆನ್ಸಿಯ ಮೌಲ್ಯ ಕುಸಿದರೆ ದೇಶದ ರಫ್ತು ಮತ್ತು ವರಮಾನ ಹೇಗೆ ಹೆಚ್ಚುತ್ತವೆ ಅನ್ನೋದನ್ನ ರೇಖಾಚಿತ್ರದೊಂದಿಗೆ ವಿವರಿಸಬೇಕಿತ್ತು. ಹೆಚ್ಚುತ್ತವೆಯೇ ಅಂತ ಕೇಳಿರಲಿಲ್ಲ, ಗಮನಿಸಿ. ಹೇಗೆ ಹೆಚ್ಚುತ್ತವೆ ಅಂತ. ನಾನು ಸ್ಕೇಲ್ ಇಟ್ಟು ಎರಡು ಗೆರೆ ಎಳೆದೆ, ಒಂದನ್ನು ಬಲಕ್ಕೆ ಸರಿಸಿದೆ, ಬಾಣದ ಗುರುತು ಹಾಕಿದೆ, ಒಂದೂವರೆ ಪುಟ ಬರೆದೆ. ಆ ಪೇಪರಿಗೆ ಒಳ್ಳೆ ಮಾರ್ಕ್ಸೇ ಬಂತು. ಬರೆದದ್ದು ಪೂರ್ತಿ ನಿಜವಲ್ಲ ಅಂತ ಬರೆಯುವಾಗಲೇ ಗೊತ್ತಿತ್ತು.

ಬಿಇ ಮಾಡಿ ಕೋಡ್ ಬರೆದುಕೊಂಡಿದ್ದವನು ದೂರಶಿಕ್ಷಣದಲ್ಲಿ ಅರ್ಥಶಾಸ್ತ್ರದ ಎಂಎಗೆ ಯಾಕೆ ಸೇರಿದೆ ಅಂತ ಆಫೀಸಿನಲ್ಲಿ ಸುಮಾರು ಜನ ಕೇಳಿದ್ದಾರೆ. ಕಾರಣ ಅಪ್ಪನ ಒಂದು ಫೋನ್ ಕಾಲ್. 2013ರ ಆಗಸ್ಟ್. ರೂಪಾಯಿ ದಿನಕ್ಕೊಂದು ಮೆಟ್ಟಿಲು ಇಳೀತಿತ್ತು. ಮೇ ತಿಂಗಳ ಮೊದಲಲ್ಲಿ ಡಾಲರಿಗೆ 54ರ ಆಸುಪಾಸಿನಲ್ಲಿದ್ದದ್ದು ಆಗಸ್ಟ್ 28ರಂದು 68.85 ಮುಟ್ಟಿತು. ನಮ್ಮ ಆಫೀಸಿನಲ್ಲಿ ಒಂಥರಾ ಹಬ್ಬದ ವಾತಾವರಣ. ಕಂಪನಿ ಬಿಲ್ ಮಾಡೋದು ಡಾಲರಿನಲ್ಲಿ, ಸಂಬಳ ಕೊಡೋದು ರೂಪಾಯಿಯಲ್ಲಿ, ಈ ಸಲ ಹೈಕ್ ಚೆನ್ನಾಗಿರುತ್ತೆ ಅಂತ ಕ್ಯಾಂಟೀನಿನಲ್ಲಿ ಮಾತು. ಅದೇ ವಾರ ಸಕಲೇಶಪುರದ ಕಡೆಯ ನಮ್ಮೂರಿಂದ ಅಪ್ಪ ಫೋನ್ ಮಾಡಿದರು. "ಅಲ್ಲ ಕಣೋ, ಡಾಲರ್ ಈ ಪಾಟಿ ಏರಿದೆ ಅಂತಾರೆ, ಕಾಫಿ ರೇಟು ಯಾಕೋ ಆ ಲೆಕ್ಕದಲ್ಲಿ ಏರಿಲ್ಲ? ಗೊಬ್ಬರದ ರೇಟ್ ಮಾತ್ರ ಇಳಿಯೋ ಹಂಗೆ ಕಾಣಲ್ಲ."

ಉತ್ತರ ಗೊತ್ತಿರಲಿಲ್ಲ. ನೋಡಿ ಹೇಳ್ತೀನಿ ಅಂದೆ. ನೋಡಿ ಹೇಳೋಕೆ ಅಂತಲೇ ಎಂಎಗೆ ಸೇರಿದ್ದು ಅಂದರೆ ಸಿನಿಮಾ ಡೈಲಾಗ್ ಆಗತ್ತೆ, ಆದರೆ ಆ ಪ್ರಶ್ನೆ ತಲೆಯಲ್ಲಿ ಕೂತಿತ್ತು ಅನ್ನೋದು ನಿಜ. ಎರಡು ವರ್ಷ ಓದಿ, ಭಾನುವಾರದ ತರಗತಿಗಳಲ್ಲಿ ಕೂತು, ಪರೀಕ್ಷೆ ಬರೆದು ಹೊರಗೆ ಬಂದ ಮೇಲೂ ಅಪ್ಪನಿಗೆ ಹೇಳೋ ಉತ್ತರ ನನ್ನ ನೋಟ್ಸಿನಲ್ಲಿ ಇರಲಿಲ್ಲ. ನನ್ನ ತಕರಾರು ಅದರ ಬಗ್ಗೆ.

ಮೊದಲು ಪಾಠ ಏನು ಹೇಳತ್ತೆ ನೋಡೋಣ. ಓಪನ್ ಎಕಾನಮಿಯ ಪಾಠದ ಬೆನ್ನೆಲುಬು ಮುಂಡೆಲ್-ಫ್ಲೆಮಿಂಗ್ ಮಾಡೆಲ್. ಜಗತ್ತಿನ ಯಾವ ವಿಶ್ವವಿದ್ಯಾಲಯಕ್ಕೆ ಹೋದರೂ ಇದೇ. ಬಂಡವಾಳ ಗಡಿ ದಾಟಿ ಸಲೀಸಾಗಿ ಓಡಾಡುತ್ತೆ, ದೇಶ ಚಿಕ್ಕದು, ಬಡ್ಡಿದರವನ್ನು ಜಗತ್ತು ನಿರ್ಧರಿಸುತ್ತೆ. ವಿನಿಮಯ ದರ ತೇಲುತ್ತಿದ್ದರೆ ಸರ್ಕಾರದ ಖರ್ಚಿನಿಂದ ವರಮಾನ ಹೆಚ್ಚಲ್ಲ, ಕೇಂದ್ರ ಬ್ಯಾಂಕಿನ ಹಣಕಾಸು ನೀತಿಗೆ ಮಾತ್ರ ಬಲ. ಕರೆನ್ಸಿ ಬಿದ್ದರೆ ನಮ್ಮ ಸರಕು ಹೊರಗಿನವರಿಗೆ ಅಗ್ಗ, ಅವರದು ನಮಗೆ ತುಟ್ಟಿ, ಹಾಗಾಗಿ ರಫ್ತು ಜಾಸ್ತಿ, ಆಮದು ಕಮ್ಮಿ, ವರಮಾನ ಮೇಲಕ್ಕೆ. ಜೊತೆಗೆ ಮಾರ್ಷಲ್-ಲರ್ನರ್ ಷರತ್ತು ಅಂತ ಒಂದಿದೆ, ರಫ್ತು ಮತ್ತು ಆಮದಿನ ಬೇಡಿಕೆಗಳ ಸ್ಥಿತಿಸ್ಥಾಪಕತ್ವ ಕೂಡಿದಾಗ ಒಂದಕ್ಕಿಂತ ಹೆಚ್ಚಿರಬೇಕು ಅಂತ. ಇದನ್ನು ಒಂದು ಸಾಲಿನಲ್ಲಿ ಬರೆದರೆ ಒಂದು ಮಾರ್ಕ್ಸ್ ಜಾಸ್ತಿ.

ಈ ಮಾಡೆಲ್ ಎಲ್ಲಿಂದ ಬಂತು ಅಂತ ನನ್ನ ಎರಡು ವರ್ಷದ ಎಂಎಯಲ್ಲಿ ಯಾರೂ ಹೇಳಲಿಲ್ಲ. ಆಮೇಲೆ ನಾನೇ ಓದಿ ತಿಳಿದದ್ದು. ರಾಬರ್ಟ್ ಮುಂಡೆಲ್ ಕೆನಡಾದವರು. 1961ರಿಂದ ಎರಡು ವರ್ಷ ಐಎಂಎಫ್‌ನ ಸಂಶೋಧನಾ ವಿಭಾಗದಲ್ಲಿದ್ದರು, ಮಾರ್ಕಸ್ ಫ್ಲೆಮಿಂಗ್ ಕೂಡ ಅಲ್ಲೇ. ಫ್ಲೆಮಿಂಗ್ ಪ್ರಬಂಧ 1962ರಲ್ಲಿ, ಮುಂಡೆಲ್ ಅವರದು 1963ರಲ್ಲಿ ಕೆನಡಾದ ಒಂದು ಪತ್ರಿಕೆಯಲ್ಲಿ ಬಂತು. ಆಗ ಜಗತ್ತಿನ ಬಹುಪಾಲು ಕರೆನ್ಸಿಗಳು ಡಾಲರಿಗೆ ಗೂಟ ಹೊಡೆದುಕೊಂಡು ನಿಂತಿದ್ದ ಕಾಲ. ಕೆನಡಾ ಮಾತ್ರ 1950ರಿಂದ 1962ರವರೆಗೆ ತನ್ನ ಡಾಲರನ್ನು ತೇಲಲು ಬಿಟ್ಟಿತ್ತು. ಪಕ್ಕದಲ್ಲೇ ಅಮೆರಿಕ, ಬಂಡವಾಳ ಆರಾಮಾಗಿ ಬಂದು ಹೋಗುತ್ತಿತ್ತು. ಮಾಡೆಲಿನ ಒಂದೊಂದು ಊಹೆಯನ್ನೂ ಕೆನಡಾದ ಮೇಲೆ ಇಟ್ಟು ನೋಡಿ, ಅಳತೆ ಕೊಟ್ಟು ಹೊಲಿಸಿದ ಅಂಗಿಯ ಹಾಗೆ ಕೂರುತ್ತೆ. 1999ರಲ್ಲಿ ಮುಂಡೆಲ್ ಅವರಿಗೆ ನೊಬೆಲ್ ಬಂದದ್ದರಲ್ಲಿ ನನಗೆ ಯಾವ ತಕರಾರೂ ಇಲ್ಲ. ಆ ಅಂಗಿಯನ್ನು ರೆಡಿಮೇಡ್ ಅಂತ ಎಲ್ಲರಿಗೂ ಹಂಚಿದ್ದು ಕ್ಲಾಸ್‌ರೂಮು.

ಇನ್ನು ಪಠ್ಯಪುಸ್ತಕ. ಗ್ರೆಗರಿ ಮ್ಯಾಂಕಿವ್ ಅವರ 'ಮ್ಯಾಕ್ರೋಎಕನಾಮಿಕ್ಸ್' ನನ್ನ ಹತ್ತಿರ ಇದೆ, ಅವೆನ್ಯೂ ರೋಡಿನಲ್ಲಿ ಸೆಕೆಂಡ್‌ಹ್ಯಾಂಡ್ ತಗೊಂಡದ್ದು. ಒಳ್ಳೆ ಪುಸ್ತಕ, ಇಂಗ್ಲಿಷ್ ತಿಳಿ, ನಮ್ಮ ಗೈಡುಗಳ ಪಕ್ಕದಲ್ಲಿಟ್ಟರೆ ಬೇರೆ ಲೋಕ. ಮುಂಡೆಲ್-ಫ್ಲೆಮಿಂಗ್ ಅಧ್ಯಾಯದಲ್ಲಿ ಒಂದು ಜಾಗವಿದೆ. ಹೂಡಿಕೆದಾರರಿಗೆ ಒಂದು ದೇಶದ ಬಗ್ಗೆ ದಿಢೀರನೆ ಭಯ ಹುಟ್ಟಿತು ಅಂದುಕೊಳ್ಳಿ. ಅಲ್ಲಿ ಸಾಲ ಕೊಡಲು ಜಾಸ್ತಿ ಬಡ್ಡಿ ಕೇಳುತ್ತಾರೆ. ಮಾಡೆಲಿನಲ್ಲಿ ಗೆರೆಗಳನ್ನು ಸರಿಸುತ್ತಾ ಹೋದರೆ ಏನಾಗತ್ತೆ ಗೊತ್ತಾ? ಕರೆನ್ಸಿ ಬೀಳುತ್ತೆ, ರಫ್ತು ಏರುತ್ತೆ, ದೇಶದ ವರಮಾನ ಹೆಚ್ಚುತ್ತೆ! ಅಂದರೆ ಜನ ನಿಮ್ಮ ದೇಶ ಕಂಡು ಹೆದರಿ ಓಡಿದಷ್ಟೂ ನೀವು ಶ್ರೀಮಂತರಾಗುತ್ತೀರಿ. ಇದು ವಿಚಿತ್ರ ಅಂತ ಮ್ಯಾಂಕಿವ್ ಅವರಿಗೂ ಗೊತ್ತು. ವಾಸ್ತವದಲ್ಲಿ ಹೀಗಾಗಲ್ಲ ಅಂತ ಅವರೇ ಹೇಳಿ ಮೂರು ಕಾರಣ ಕೊಡುತ್ತಾರೆ. ಕರೆನ್ಸಿ ತೀರಾ ಬೀಳಬಾರದು ಅಂತ ಕೇಂದ್ರ ಬ್ಯಾಂಕು ಹಣದ ಪೂರೈಕೆ ಬಿಗಿ ಮಾಡಬಹುದು, ಆಮದು ಸರಕಿನ ಬೆಲೆ ಏರಿ ಒಳಗಿನ ಬೆಲೆಗಳೂ ಏರಬಹುದು, ಜನ ಭಯಕ್ಕೆ ನಗದು ಹೆಚ್ಚು ಇಟ್ಟುಕೊಳ್ಳಬಹುದು. ಆಮೇಲೆ ಮೆಕ್ಸಿಕೋದ 1994-95, ಏಷ್ಯಾದ 1997-98 ಕೇಸ್ ಸ್ಟಡಿಗಳಾಗಿ ಬರುತ್ತವೆ. ಮುಂದಿನ ವಿಷಯಕ್ಕೆ ಪುಟ ತಿರುಗುತ್ತೆ.

ನಮ್ಮ ಕೆಲಸದಲ್ಲಿ ಇದಕ್ಕೊಂದು ಹೋಲಿಕೆ ಇದೆ. ಟೆಸ್ಟ್ ಫೇಲ್ ಆಗತ್ತೆ. ಕೋಡ್ ಸರಿ ಮಾಡೋ ಬದಲು ಅದರ ಮೇಲೊಂದು ಕಾಮೆಂಟ್ ಬರೆದು, ಪ್ರೊಡಕ್ಷನ್ನಿನಲ್ಲಿ ಹೀಗಾಗಲ್ಲ, ಮೂರು ಕಾರಣ ಇವೆ ಅಂತ ಹೇಳಿ ಮರ್ಜ್ ಮಾಡೋದು. ಇಂಥ ಕೋಡನ್ನು ರಿವ್ಯೂಗೆ ಕಳಿಸಿದ ಹುಡುಗನಿಗೆ ನಾನು ಏನು ಹೇಳ್ತೀನಿ ಅನ್ನೋದು ಬೇಡ. ಹಾಗಂತ ಮ್ಯಾಂಕಿವ್ ಅವರನ್ನು ಬೈಯೋದೂ ಸರಿಯಲ್ಲ, ಅವರು ಫೇಲ್ ಆದದ್ದನ್ನು ಮುಚ್ಚಿಡದೆ ಪುಸ್ತಕದಲ್ಲಿ ಬರೆದಿದ್ದಾರೆ. ನಮಗೆ ಬಂದ ಸ್ಟಡಿ ಮೆಟೀರಿಯಲ್ಲಿನಲ್ಲಿ ಮಾಡೆಲ್ ಇತ್ತು, ಗೆರೆಗಳಿದ್ದವು, ಆ ಮೂರು ಕಾರಣಗಳ ಪ್ಯಾರಾ ಮಾತ್ರ ಇರಲಿಲ್ಲ.

ಆ ಮೂರರಲ್ಲಿ ಇಲ್ಲದ ನಾಲ್ಕನೇ ಕಾರಣವೇ ನನ್ನ ಪ್ರಕಾರ ಎಲ್ಲಕ್ಕಿಂತ ದೊಡ್ಡದು. ಸಾಲ. 1997ರ ಜುಲೈ 2ರಂದು ಥಾಯ್ಲೆಂಡ್ ತನ್ನ ಬಾತ್ ಅನ್ನು ತೇಲಲು ಬಿಟ್ಟಿತು. ಡಾಲರಿಗೆ 25 ಇದ್ದದ್ದು 1998ರ ಜನವರಿ ಹೊತ್ತಿಗೆ 50 ದಾಟಿತು. ಅಲ್ಲಿನ ಕಂಪನಿಗಳು, ಫೈನಾನ್ಸ್ ಸಂಸ್ಥೆಗಳು ಡಾಲರಿನಲ್ಲಿ ಸಾಲ ಮಾಡಿದ್ದವು, ಆದಾಯ ಬರುತ್ತಿದ್ದದ್ದು ಬಾತ್‌ನಲ್ಲಿ. ಒಂದು ಲಕ್ಷ ಡಾಲರ್ ಸಾಲ ಇದ್ದವನಿಗೆ 25 ಲಕ್ಷ ಬಾತ್ ಕಟ್ಟಬೇಕಾಗಿದ್ದದ್ದು ಆರೇ ತಿಂಗಳಲ್ಲಿ 50 ಲಕ್ಷ ಆಯಿತು. ಅದೇ ಫ್ಯಾಕ್ಟರಿ, ಅದೇ ಮಾಲು, ಅದೇ ಕೆಲಸಗಾರರು. ರಫ್ತಿನಲ್ಲಿ ಸಿಗೋ ಲಾಭವನ್ನು ಲೆಕ್ಕ ಹಾಕೋಕೆ ಮುಂಚೆನೇ ಕಂಪನಿ ಮುಳುಗಿರುತ್ತೆ. ಪರದೇಶದವರ ಹತ್ತಿರ ತನ್ನದೇ ಕರೆನ್ಸಿಯಲ್ಲಿ ಸಾಲ ಎತ್ತಲಾಗದ ಈ ಸ್ಥಿತಿಗೆ ಐಕೆನ್‌ಗ್ರೀನ್ ಮತ್ತು ಹೌಸ್‌ಮನ್ 'ಮೂಲಪಾಪ' ಅಂತ ಹೆಸರಿಟ್ಟರು. ಇದೆಲ್ಲ ಅರ್ಥಶಾಸ್ತ್ರಜ್ಞರಿಗೆ ಇಪ್ಪತ್ತು ವರ್ಷದಿಂದ ಚೆನ್ನಾಗಿ ಗೊತ್ತು. ಸಂಶೋಧನೆಯಲ್ಲಿ ಇದೆ, ಪಾಠದಲ್ಲಿ ಬಾಕ್ಸ್ ಐಟಂ. ಬಣ್ಣದ ಹಿನ್ನೆಲೆ ಕೊಟ್ಟು ಚೌಕ ಹಾಕಿದ ಆ ಭಾಗ ನೋಡಿದ ತಕ್ಷಣ ವಿದ್ಯಾರ್ಥಿಗೆ ಗೊತ್ತಾಗತ್ತೆ, ಇದು ಪರೀಕ್ಷೆಗೆ ಬರಲ್ಲ ಅಂತ. ಗೆರೆಗಳಿಗೆ ಮುಖ್ಯ ಪುಟ, ಜಗತ್ತಿಗೆ ಬಾಕ್ಸ್.

ಈಗ ಕಾಫಿಗೆ ಬರೋಣ. ನಮ್ಮ ದೇಶದ ಕಾಫಿಯಲ್ಲಿ ಹೆಚ್ಚಿನ ಪಾಲು ಬೆಳೆಯೋದು ಕರ್ನಾಟಕದಲ್ಲಿ, ಬೆಳೆದದ್ದರಲ್ಲಿ ಹೆಚ್ಚಿನ ಪಾಲು ಹೊರಗೆ ಹೋಗತ್ತೆ. ಇಟಲಿ, ಜರ್ಮನಿ, ರಷ್ಯಾ ದೊಡ್ಡ ಗಿರಾಕಿಗಳು. ಅಮೆರಿಕ ಅಲ್ಲ. ಆದರೂ ರೋಬಸ್ಟಾದ ಬೆಲೆ ಲಂಡನ್ನಿನಲ್ಲಿ ಡಾಲರ್ ಲೆಕ್ಕದಲ್ಲೇ ನಿಲ್ಲೋದು, ಅರೇಬಿಕಾದ್ದು ನ್ಯೂಯಾರ್ಕಿನಲ್ಲಿ. ಪಾಠದ ಪ್ರಕಾರ ರೂಪಾಯಿ ಬಿದ್ದರೆ ಇಟಲಿಯವನಿಗೆ ನಮ್ಮ ಕಾಫಿ ಅಗ್ಗ ಆಗಿ ಅವನು ಜಾಸ್ತಿ ಕೊಳ್ಳಬೇಕು. ಅವನಿಗೆ ಹೇಗೆ ಅಗ್ಗ ಆಗತ್ತೆ? ಅವನು ನೋಡೋ ಬೆಲೆ ಡಾಲರಿನದು. ರೂಪಾಯಿ 54 ಇರಲಿ 68 ಇರಲಿ, ಅವನಿಗೆ ಅದು ಸಂಬಂಧವೇ ಇಲ್ಲ. ಅವನು ಲೆಕ್ಕ ಹಾಕೋದು ಯೂರೋ ಮತ್ತು ಡಾಲರ್ ನಡುವೆ. ಗಿಡವೂ ರೂಪಾಯಿ ನೋಡಿ ಕಾಯಿ ಕಚ್ಚಲ್ಲ. ಹಾಗಾಗಿ ರಫ್ತಿನ ಪ್ರಮಾಣ ಇದ್ದಲ್ಲೇ ಇರತ್ತೆ, ಬೆಳೆಗಾರನ ಕೈಗೆ ಬರೋ ರೂಪಾಯಿ ಮಾತ್ರ ಬದಲಾಗಬೇಕು.

ನಮ್ಮ ಆಫೀಸೂ ಕಾಫಿ ತೋಟವೇ ಅಂತ ನನಗೆ ಹೊಳೆದದ್ದು ಆಮೇಲೆ. ನಮ್ಮ ಪ್ರಾಜೆಕ್ಟಿನ ಗಿರಾಕಿ ಯುರೋಪಿನವನು. ರೇಟ್ ಕಾರ್ಡ್ ಡಾಲರಿನಲ್ಲಿ. ರೂಪಾಯಿ ಬಿತ್ತು ಅಂತ ಅವನು ಇನ್ನೂ ಹತ್ತು ಜನ ಇಂಜಿನಿಯರುಗಳನ್ನು ಕೇಳಲಿಲ್ಲ. ಒಂದಷ್ಟು ದಿನ ಬಿಟ್ಟು, ನಿಮಗೆ ಈಗ ಲಾಭ ಜಾಸ್ತಿ ಅಲ್ಲವಾ, ಸ್ವಲ್ಪ ಡಿಸ್ಕೌಂಟ್ ಕೊಡಿ ಅಂದ. ಕ್ಯಾಂಟೀನಿನ ಹಬ್ಬ ಅಲ್ಲಿಗೆ ಮುಗೀತು.

ಇದನ್ನು ಸಿದ್ಧಾಂತವಾಗಿ ಕಟ್ಟಿದವರಲ್ಲಿ ಮುಖ್ಯರಾದವರು ಗೀತಾ ಗೋಪಿನಾಥ್. ಮೈಸೂರಿನಲ್ಲಿ ಬೆಳೆದವರು, ನಮ್ಮ ಪತ್ರಿಕೆಗಳು ಅವರು ಐಎಂಎಫ್ ಸೇರಿದಾಗ 'ಮೈಸೂರಿನ ಹುಡುಗಿ' ಅಂತ ಮುಖಪುಟದಲ್ಲಿ ಹಾಕಿ ಸಂಭ್ರಮಿಸಿದ್ದವು. ಅವರು ಹೇಳಿದ್ದೇನು ಅನ್ನೋದರ ಬಗ್ಗೆ ಬರೆದದ್ದನ್ನು ಮಾತ್ರ ನಾನು ಎಲ್ಲೂ ಓದಲಿಲ್ಲ. 2015ರಲ್ಲಿ ಜಾಕ್ಸನ್ ಹೋಲ್ ಸಭೆಗೆ ಅವರು ಬರೆದ ಪ್ರಬಂಧದಲ್ಲಿ ಭಾರತದ್ದೇ ಉದಾಹರಣೆ ಇದೆ. ನಮ್ಮ ಆಮದಿನ 86% ಡಾಲರಿನಲ್ಲಿ ಬಿಲ್ ಆಗತ್ತೆ, ಅಮೆರಿಕದಿಂದ ಬರೋದು ಬರೀ 5%. ರಫ್ತಿನಲ್ಲೂ 86% ಡಾಲರ್ ಬಿಲ್, ಅಮೆರಿಕಕ್ಕೆ ಹೋಗೋದು 15%. ಇಂಥ ಜಗತ್ತಿನಲ್ಲಿ ಡಾಲರಿನ ಎದುರು ಕರೆನ್ಸಿ ಬಿದ್ದರೆ ರಫ್ತು ಪಾಠದಲ್ಲಿ ಹೇಳಿದಷ್ಟು ಏರಲ್ಲ, ಆಮದು ಮಾತ್ರ ತಕ್ಷಣ ತುಟ್ಟಿಯಾಗಿ ಕುಗ್ಗುತ್ತೆ. ಸಹಲೇಖಕರ ಜೊತೆ ಬರೆದ ವಿಸ್ತೃತ ಪ್ರಬಂಧ 2020ರಲ್ಲಿ ಅಮೆರಿಕನ್ ಎಕನಾಮಿಕ್ ರಿವ್ಯೂನಲ್ಲಿ ಪ್ರಕಟವಾಯಿತು. ಅದೇ ವರ್ಷ ಐಎಂಎಫ್ ಕೂಡ ಈ ಡಾಲರ್ ಬಿಲ್ಲು, ಡಾಲರ್ ಸಾಲ ಎಲ್ಲವನ್ನೂ ಸೇರಿಸಿಕೊಂಡು ಹೊಸ ಚೌಕಟ್ಟಿನ ಮೇಲೆ ಕೆಲಸ ಮಾಡಿ ಪ್ರಬಂಧಗಳನ್ನು ತಂದಿತು. ಮುಂಡೆಲ್ ಮತ್ತು ಫ್ಲೆಮಿಂಗ್ ಕೂತು ಬರೆದ ಮನೆಯೇ ಮಾಡೆಲಿಗೆ ರಿಪೇರಿ ಶುರು ಮಾಡಿದೆ. ನಮ್ಮ ಪ್ರಶ್ನೆಪತ್ರಿಕೆಗೆ ಸುದ್ದಿ ಮುಟ್ಟಿಲ್ಲ.

ಅಂದಹಾಗೆ ಹಣದ ಪಾಠದಲ್ಲೂ ಇದೇ ಕತೆ. ಜನ ಠೇವಣಿ ಇಡ್ತಾರೆ, ಬ್ಯಾಂಕು ಒಂದು ಪಾಲು ಇಟ್ಟುಕೊಂಡು ಉಳಿದದ್ದನ್ನು ಸಾಲ ಕೊಡತ್ತೆ, ಅದು ಮತ್ತೆ ಠೇವಣಿಯಾಗತ್ತೆ, ಹೀಗೆ ಗುಣಕ ಲೆಕ್ಕ. ಬ್ಯಾಂಕ್ ಆಫ್ ಇಂಗ್ಲೆಂಡ್ 2014ರಲ್ಲಿ ತನ್ನ ಪತ್ರಿಕೆಯಲ್ಲೇ, ವಾಸ್ತವದಲ್ಲಿ ಸಾಲ ಕೊಡುವ ಕ್ರಿಯೆಯೇ ಠೇವಣಿಯನ್ನು ಹುಟ್ಟಿಸುತ್ತೆ, ಪಠ್ಯಪುಸ್ತಕದ ಕ್ರಮ ತಿರುವುಮುರುವು ಅಂತ ಬರೆಯಿತು. ಗುಣಕದ ಲೆಕ್ಕ ನಮಗೆ ಐದು ಮಾರ್ಕ್ಸಿಗೆ ಬಂದಿತ್ತು.

ಎಲ್ಲವನ್ನೂ ತೆಗೆದು ಬಿಸಾಕಿ ಅಂತ ನಾನು ಹೇಳ್ತಿಲ್ಲ. 2011ರ ನವೆಂಬರ್ 2ರಂದು ಹಾರ್ವರ್ಡ್‌ನಲ್ಲಿ ಸುಮಾರು 70 ವಿದ್ಯಾರ್ಥಿಗಳು ಇದೇ ಮ್ಯಾಂಕಿವ್ ಅವರ ತರಗತಿಯಿಂದ ಎದ್ದು ಹೊರನಡೆದರು. ಪಾಠ ಒಂದು ಕಡೆಗೆ ವಾಲಿದೆ ಅನ್ನೋದು ಅವರ ದೂರು. ಮ್ಯಾಂಚೆಸ್ಟರ್‌ನಲ್ಲೂ ವಿದ್ಯಾರ್ಥಿಗಳು ಸಂಘ ಕಟ್ಟಿ ಪಠ್ಯಕ್ರಮ ಬದಲಾಗಲಿ ಅಂದರು. ಎಡಪಂಥ ಬಲಪಂಥ ಅಂತ ನೋಡೋ ಈ ಜಗಳದಲ್ಲಿ ನನಗೆ ಅಷ್ಟು ಆಸಕ್ತಿಯಿಲ್ಲ. ಕೇನ್ಸ್ ಜಾಗದಲ್ಲಿ ಮಾರ್ಕ್ಸ್ ಬಂದು, ಅದನ್ನೂ ಹತ್ತು ಅಂಕಕ್ಕೆ ಬಾಯಿಪಾಠ ಹೊಡೆಸಿದರೆ ಏನು ಸಿಕ್ಕ ಹಾಗಾಯಿತು? ಈ ಪಾಠಗಳಲ್ಲಿ ಚಿನ್ನದಂಥ ಭಾಗಗಳೂ ಇವೆ. ಒಂದು ದೇಶದ ಚಾಲ್ತಿ ಖಾತೆಯ ಕೊರತೆ ಅಂದರೆ ಅದರ ಹೂಡಿಕೆಗಿಂತ ಉಳಿತಾಯ ಎಷ್ಟು ಕಮ್ಮಿ ಇದೆಯೋ ಅಷ್ಟು ಅನ್ನೋ ಲೆಕ್ಕ ಮೊದಲ ಸಲ ಅರ್ಥವಾದ ದಿನ ನನಗೆ ರಾತ್ರಿ ನಿದ್ದೆ ಬಂದಿರಲಿಲ್ಲ. ಟಿವಿಯಲ್ಲಿ ಕೂಗಾಡೋ ಅರ್ಧ ಜನಕ್ಕೆ ಇದು ಗೊತ್ತಿದ್ದಿದ್ದರೆ ಕಾರ್ಯಕ್ರಮವೇ ನಡೀತಿರಲಿಲ್ಲ. ಅದು ಮಾಡೆಲ್ ಅಲ್ಲ, ಲೆಕ್ಕಪತ್ರ. ಎಲ್ಲ ದೇಶಕ್ಕೂ ಎಲ್ಲ ಕಾಲಕ್ಕೂ ಹೊಂದುತ್ತೆ. ನಮ್ಮ ಪಾಠ ಈ ಲೆಕ್ಕವನ್ನೂ ಆ ಕೆನಡಾದ ಅಂಗಿಯನ್ನೂ ಒಂದೇ ದನಿಯಲ್ಲಿ ಹೇಳಿಬಿಡತ್ತೆ. ಯಾವುದು ಯಾವತ್ತೂ ಸುಳ್ಳಾಗಲ್ಲ, ಯಾವುದು ಊಹೆ ಬದಲಾದರೆ ತಲೆಕೆಳಗಾಗತ್ತೆ ಅನ್ನೋ ವ್ಯತ್ಯಾಸ ಕೇಳುವವನಿಗೆ ಗೊತ್ತಾಗೋದೇ ಇಲ್ಲ.

ನಮ್ಮಲ್ಲಿ ಇನ್ನೊಂದು ವಿಶೇಷ ಇದೆ. ಭಾರತದ ಅರ್ಥವ್ಯವಸ್ಥೆ ಅನ್ನೋದು ಒಂದು ಪೇಪರು, ಅಂತರರಾಷ್ಟ್ರೀಯ ಅರ್ಥಶಾಸ್ತ್ರ ಅನ್ನೋದು ಇನ್ನೊಂದು. 1991 ಮೊದಲನೆಯದರಲ್ಲಿ ಬರತ್ತೆ. ಜುಲೈ 1 ಮತ್ತು 3ರಂದು ಎರಡು ಕಂತಿನಲ್ಲಿ ಅಪಮೌಲ್ಯ, ವಿದೇಶದಲ್ಲಿ ಒತ್ತೆ ಇಟ್ಟ 46.91 ಟನ್ ಚಿನ್ನ, ಎಲ್ಲವೂ ಇಸವಿ, ಅಂಕಿ, ಟಿಪ್ಪಣಿ. ಎರಡನೆಯದರಲ್ಲಿ ಗೆರೆಗಳು. ಈ ಎರಡು ಪೇಪರುಗಳು ಎರಡು ವರ್ಷದಲ್ಲಿ ಒಂದು ಸಲವೂ ಮುಖಾಮುಖಿ ಆಗಲಿಲ್ಲ. ಒಂದು ಭಾನುವಾರ ಧೈರ್ಯ ಮಾಡಿ 2013ರ ಬಗ್ಗೆ ಕೇಳಿದೆ. ರೂಪಾಯಿ ಅಷ್ಟು ಬಿದ್ದಾಗ ವರಮಾನ ಏರಬೇಕಿತ್ತಲ್ಲ ಸರ್, ಹಾಗಾದರೆ ರಿಸರ್ವ್ ಬ್ಯಾಂಕ್ ಯಾಕೆ ಅಷ್ಟು ಗಾಬರಿ ಆಯ್ತು? ಮೇಷ್ಟ್ರು ಒಳ್ಳೆಯವರು. ತಾಸಿನ ಲೆಕ್ಕದಲ್ಲಿ ದುಡ್ಡು ಕೊಡೋ ಅತಿಥಿ ಉಪನ್ಯಾಸಕರು, ನಾಲ್ಕು ತಾಸಿನಲ್ಲಿ ಎರಡು ಯೂನಿಟ್ ಮುಗಿಸಬೇಕಿತ್ತು. "ಒಳ್ಳೆ ಪ್ರಶ್ನೆ ಕಣ್ರೀ, ಆದರೆ ಎಕ್ಸಾಮಿಗೆ ಅದು ಬರಲ್ಲ" ಅಂದರು. ಕ್ಲಾಸಿನಲ್ಲಿ ಎಲ್ಲರೂ ನಕ್ಕರು, ನಾನೂ ನಕ್ಕೆ.

ಆ ಗಾಬರಿಯನ್ನೇ ಪಾಠ ಮಾಡಬಹುದಿತ್ತು ಅಂತ ನನಗೆ ಈಗಲೂ ಅನ್ಸತ್ತೆ. 2012-13ರಲ್ಲಿ ನಮ್ಮ ಚಾಲ್ತಿ ಖಾತೆಯ ಕೊರತೆ ಜಿಡಿಪಿಯ 4.8%, ಸುಮಾರು 88 ಬಿಲಿಯನ್ ಡಾಲರ್. ಎಣ್ಣೆ ಮತ್ತು ಚಿನ್ನದ ಬಿಲ್ ಅದರಲ್ಲಿ ದೊಡ್ಡದು. ಅದನ್ನು ತುಂಬಿಸುತ್ತಿದ್ದದ್ದು ಹೊರಗಿನಿಂದ ಬರೋ ದುಡ್ಡು. 2013ರ ಮೇ 22ರಂದು ವಾಷಿಂಗ್ಟನ್ನಿನಲ್ಲಿ ಬರ್ನಾಂಕೆ ಅವರು ಬಾಂಡ್ ಖರೀದಿಯನ್ನು ಮುಂದೆ ನಿಧಾನ ಮಾಡಬಹುದು ಅಂದರು, ಅಷ್ಟೇ. ಜುಲೈ 15ರಂದು ರಿಸರ್ವ್ ಬ್ಯಾಂಕು ಬ್ಯಾಂಕುಗಳಿಗೆ ತುರ್ತು ಸಾಲ ಕೊಡೋ ದರವನ್ನು 8.25ರಿಂದ 10.25ಕ್ಕೆ ಏರಿಸಿತು, ಅದೂ ದೇಶದ ಬೆಳವಣಿಗೆ ಕುಂಟುತ್ತಿದ್ದಾಗ. ತೇಲುವ ದರ ಇದ್ದರೆ ಬಡ್ಡಿದರ ನಮ್ಮ ಕೈಯಲ್ಲೇ ಇರತ್ತೆ ಅಂತ ಪಾಠ ಹೇಳಿತ್ತಲ್ಲ? ಆಗಸ್ಟಿನಲ್ಲಿ ಚಿನ್ನದ ಆಮದು ಸುಂಕ 10% ಆಯಿತು. ಒಬ್ಬ ವ್ಯಕ್ತಿ ವರ್ಷಕ್ಕೆ ಹೊರಗೆ ಕಳಿಸಬಹುದಾದ ದುಡ್ಡನ್ನು 2 ಲಕ್ಷ ಡಾಲರಿನಿಂದ 75,000ಕ್ಕೆ ಇಳಿಸಿದರು. ಅದೇ ಆಗಸ್ಟಿನಲ್ಲಿ, ಜಾಕ್ಸನ್ ಹೋಲ್‌ನಲ್ಲಿ, ಎಲೆನ್ ರೇ ಅನ್ನೋ ಅರ್ಥಶಾಸ್ತ್ರಜ್ಞೆ ಒಂದು ಪ್ರಬಂಧ ಮಂಡಿಸಿ, ಬಂಡವಾಳಕ್ಕೆ ಬಾಗಿಲು ತೆರೆದಿಟ್ಟ ದೇಶಕ್ಕೆ ದರ ತೇಲಿಸಿದರೂ ಪೂರ್ತಿ ಸ್ವಾತಂತ್ರ್ಯ ಸಿಗಲ್ಲ ಅಂದರು. ಕೆಲವೇ ದಿನಕ್ಕೆ ರೂಪಾಯಿ 68.85. ಸೆಪ್ಟೆಂಬರ್ 4ರಂದು ರಘುರಾಮ್ ರಾಜನ್ ಬಂದರು. ಅನಿವಾಸಿಗಳ ಡಾಲರ್ ಠೇವಣಿ ತರೋ ಬ್ಯಾಂಕುಗಳಿಗೆ ವಿನಿಮಯದ ರಿಸ್ಕನ್ನು ಅಗ್ಗದ ದರದಲ್ಲಿ ತಾವೇ ಹೊರುವ ಯೋಜನೆ ತಂದರು. ಅದರಲ್ಲಿ 26 ಬಿಲಿಯನ್ ಬಂತು. ಒಂದೊಂದು ಹೆಜ್ಜೆಯಲ್ಲೂ ನಿಲ್ಲಿಸಿ, ಮಾಡೆಲ್ ಇಲ್ಲಿ ಏನು ಹೇಳತ್ತೆ, ಏನಾಯಿತು, ಯಾರ ಕೈಲಿ ಯಾವ ಕರೆನ್ಸಿಯ ಸಾಲ ಇತ್ತು ಅಂತ ಕೇಳಿದರೆ ಒಂದು ಸೆಮಿಸ್ಟರ್ ತುಂಬತ್ತೆ. ರಿಸರ್ವ್ ಬ್ಯಾಂಕಿನ ಅಂಕಿಅಂಶವೆಲ್ಲ ಪುಕ್ಕಟೆ ಸಿಗತ್ತೆ, ವಾರಕ್ಕೊಂದು ಪುರವಣಿ ಶುಕ್ರವಾರ ಬರತ್ತೆ. ಎರಡು ವರ್ಷದಲ್ಲಿ ನಮಗೆ ಅದನ್ನು ಒಂದು ಸಲ ತೆರೆದು ತೋರಿಸಿದವರಿಲ್ಲ.

ಹಾಗೆ ಪಾಠ ಮಾಡಿದವರು ಇದ್ದರು ಅಂತ ಓದಿದಾಗ ಸ್ವಲ್ಪ ಹೊಟ್ಟೆಕಿಚ್ಚಾಯಿತು. ಬಿಲ್ ಫಿಲಿಪ್ಸ್, ನ್ಯೂಜಿಲೆಂಡಿನ ಎಲೆಕ್ಟ್ರಿಕಲ್ ಇಂಜಿನಿಯರ್, ಆಮೇಲೆ ಅರ್ಥಶಾಸ್ತ್ರ ಹಿಡಿದವರು. 1949ರಲ್ಲಿ ಲಂಡನ್ ಸ್ಕೂಲ್ ಆಫ್ ಎಕನಾಮಿಕ್ಸ್‌ನಲ್ಲಿ ಒಂದು ಯಂತ್ರ ತಂದಿಟ್ಟರು. ಪಾರದರ್ಶಕ ಕೊಳವೆ, ತೊಟ್ಟಿ, ಪಂಪು. ಬಣ್ಣದ ನೀರು ದೇಶದ ವರಮಾನವಾಗಿ ಸುತ್ತುತ್ತೆ, ತೆರಿಗೆಗೆ ಒಂದು ಕವಾಟ, ಉಳಿತಾಯಕ್ಕೆ ಒಂದು, ಆಮದಿಗೆ ಇನ್ನೊಂದು. ಎರಡು ಯಂತ್ರಗಳನ್ನು ಜೋಡಿಸಿದರೆ ಎರಡು ದೇಶಗಳ ವ್ಯಾಪಾರ. ಇಲ್ಲಿ ತಿರುವಿದರೆ ಅಲ್ಲಿ ತೊಟ್ಟಿ ಬತ್ತುತ್ತೆ. ಗದ್ದೆಗೆ ನೀರು ಹಾಯಿಸಿದವನಿಗೆ ಇದನ್ನು ಯಾರೂ ವಿವರಿಸಿ ಹೇಳಬೇಕಾಗಿಲ್ಲ, ಮಡೆ ಎಲ್ಲಿ ಒಡೆದಿದೆ ಅಂತ ಅವನೇ ಹುಡುಕುತ್ತಾನೆ.

ಅಪ್ಪನಿಗೆ ಕೊನೆಗೂ ಉತ್ತರ ಹೇಳಿದ್ದು ಹೋದ ವರ್ಷ, ಕಾಫಿ ಒಣಗಿಸೋ ಕಣದಲ್ಲಿ ಕೂತು. 2013ರಲ್ಲಿ ಬಿದ್ದದ್ದು ನಮ್ಮ ರೂಪಾಯಿ ಒಂದೇ ಅಲ್ಲ. ಆಗ 'ದುರ್ಬಲ ಐದು' ಅಂತ ಪತ್ರಿಕೆಗಳಲ್ಲಿ ಬರುತ್ತಿದ್ದ ದೇಶಗಳಲ್ಲಿ ಬ್ರೆಜಿಲ್, ಇಂಡೊನೇಷ್ಯಾ ಎರಡೂ ಇದ್ದವು, ಎರಡೂ ಕಾಫಿಯ ದೇಶಗಳು. ಬ್ರೆಜಿಲ್‌ನಲ್ಲಿ ಬೆಳೆಯೂ ಚೆನ್ನಾಗಿತ್ತು. ಅಲ್ಲಿನ ಕರೆನ್ಸಿ ಬಿದ್ದಾಗ ಅಲ್ಲಿನ ಬೆಳೆಗಾರನಿಗೆ ಕಮ್ಮಿ ಡಾಲರಿಗೆ ಮಾರಿದರೂ ಗಿಟ್ಟುತ್ತೆ, ಮಾರುತ್ತಾನೆ, ಡಾಲರ್ ಬೆಲೆ ಇಳಿಯುತ್ತೆ. ಆ ವರ್ಷ ಕಾಫಿಯ ಡಾಲರ್ ಬೆಲೆ ಇಳಿಮುಖವಾಗೇ ಇತ್ತು. ರೂಪಾಯಿ ಬಿದ್ದು ನಮಗೆ ಸಿಗಬೇಕಿದ್ದದ್ದನ್ನು ಅದು ತಿಂದುಹಾಕಿತು. ಪೊಟ್ಯಾಷ್ ಹೆಚ್ಚುಕಮ್ಮಿ ಪೂರ್ತಿ ಹೊರಗಿಂದಲೇ ಬರೋದು, ಡಾಲರ್ ಬಿಲ್ಲು, ಅದರಲ್ಲಿ ತಿನ್ನೋಕೆ ಏನೂ ಇರಲಿಲ್ಲ.

ಅಪ್ಪ ಕುಂಟೆಯಿಂದ ಕಾಫಿ ಎಳೆಯುತ್ತಾ ಕೇಳಿಸಿಕೊಂಡರು.

"ಹಂಗಾದ್ರೆ ಆ ಬ್ರೆಜಿಲ್‌ನವನೂ ಅವತ್ತು ಮಗನಿಗೆ ಫೋನ್ ಮಾಡಿ ಇದನ್ನೇ ಕೇಳಿರ್ತಾನೆ ಅನ್ನು," ಅಂದರು. "ಅವನ ಮಗ ಏನು ಓದಿದ್ನೋ."